ಒಂದು ಪುಟ ಹಸಿರು, ಇನ್ನೊಂದು ಕೆಂಪು: ಇಮೇಲ್ ರೆಪ್ಯುಟೇಷನ್ ಲೆಕ್ಕಗಳಲ್ಲಿ ಯಾವುದನ್ನು ನಂಬುವುದು?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ಸಿಇಟಿ ಮತ್ತು ನೀಟ್ ತರಬೇತಿ ಕೇಂದ್ರ ನಡೆಸುತ್ತಿದ್ದೇವೆ. ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಸುಮಾರು 18,000 ಮಂದಿಗೆ ಪ್ರತಿ ಭಾನುವಾರ ಅಭ್ಯಾಸ ಪ್ರಶ್ನೆಗಳ ಇಮೇಲ್ ಹೋಗುತ್ತದೆ. ಇದಕ್ಕೆ ಸಾಮೂಹಿಕ ಇಮೇಲ್ ಸೇವೆಯೊಂದನ್ನು ಬಳಸುತ್ತೇವೆ. ಶುಲ್ಕದ ರಸೀದಿ ಮತ್ತು ಪರೀಕ್ಷೆಯ ಅಂಕಗಳು ನಮ್ಮದೇ ಸರ್ವರ್‌ನಿಂದ ಹೋಗುತ್ತವೆ. ಪತ್ರಗಳು ಸ್ಪ್ಯಾಮ್‌ಗೆ ಬೀಳುತ್ತಿವೆ ಎಂದು ಈಚೆಗೆ ವಿದ್ಯಾರ್ಥಿಗಳು ದೂರುತ್ತಿದ್ದಾರೆ. ಆದರೆ ಜಿಮೇಲ್‌ಗೆ ಹೋದ ಪತ್ರಗಳ ಲೆಕ್ಕ ಕೊಡುವ ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಸ್ಪ್ಯಾಮ್ ಪ್ರಮಾಣ ಬಹುತೇಕ ದಿನ ಶೇ 0.1ರ ಒಳಗಿದೆ, ಕೆಲವು ಸೋಮವಾರ ಮಾತ್ರ ಶೇ 2ಕ್ಕೆ ಜಿಗಿಯುತ್ತದೆ. ಮೈಕ್ರೋಸಾಫ್ಟ್ ತನ್ನ ಖಾತೆಗಳಿಗೆ ಬಂದ ಪತ್ರಗಳ ಬಗ್ಗೆ ತೋರಿಸುವ ಎಸ್‌ಎನ್‌ಡಿಎಸ್ ಪುಟ ಕೆಲವು ದಿನ ಹಸಿರು, ಉಳಿದ ದಿನ ಖಾಲಿ. ಸ್ಪ್ಯಾಮ್ ಕಳುಹಿಸುವವರ ಪಟ್ಟಿಯಲ್ಲಿ ನಾವಿದ್ದೇವೆಯೇ ಎಂದು ನೋಡುವ ಬ್ಲ್ಯಾಕ್‌ಲಿಸ್ಟ್ ತಪಾಸಣೆಯ ಪುಟ ಕೆಂಪು. ನಮ್ಮ ಹೆಸರಿನಲ್ಲಿ ಹೋದ ಪತ್ರಗಳ ಬಗ್ಗೆ ಮೇಲ್ ಸಂಸ್ಥೆಗಳು ಕಳುಹಿಸುವ ಡಿಮಾರ್ಕ್ ವರದಿಯ ಸಂಖ್ಯೆ ಯಾವುದಕ್ಕೂ ತಾಳೆಯಾಗುವುದಿಲ್ಲ. ಇಮೇಲ್ ಸೇವೆಯವರ ಪ್ರಕಾರ ಶೇ 98ರಷ್ಟು ಪತ್ರಗಳು ತಲುಪಿವೆ. ಯಾವುದು ನಿಜ?

ಉತ್ತರ: ಮೊದಲು ವಿದ್ಯಾರ್ಥಿಗಳನ್ನು ನಂಬಿ. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಪತ್ರ ಸಿಕ್ಕಿತು ಎಂದು ಅವರು ಹೇಳಿದರೆ ಅದು ಕಣ್ಣಾರೆ ಕಂಡ ಮಾತು. ನೀವು ಪಟ್ಟಿ ಮಾಡಿರುವ ಉಳಿದ ಲೆಕ್ಕಗಳಲ್ಲಿ ಒಂದಾದರೂ ಪತ್ರ ಇನ್‌ಬಾಕ್ಸ್‌ಗೆ ಹೋಯಿತೇ ಇಲ್ಲವೇ ಎಂಬುದನ್ನು ನೇರವಾಗಿ ಅಳೆಯುವುದಿಲ್ಲ. ಗೊಂದಲದ ಮೂಲ ಇಲ್ಲಿದೆ. ಗುಬ್ಬಿಯ ಮಳೆಮಾಪಕ ತುಂಬಿದ ದಿನವೇ ಸಿರಾದ ಮಳೆಮಾಪಕ ಒಣಗಿದ್ದರೆ ಎರಡರಲ್ಲಿ ಒಂದು ಕೆಟ್ಟಿದೆ ಎಂದು ನಾವು ಹೇಳುವುದಿಲ್ಲ. ನಿಮ್ಮ ಪರದೆಯ ಮೇಲಿರುವ ಪುಟಗಳೂ ಹಾಗೆಯೇ ಬೇರೆ ಬೇರೆ ಕಡೆ ನಿಂತು, ಬೇರೆ ಬೇರೆ ಪತ್ರಗಳನ್ನು ಎಣಿಸುತ್ತಿವೆ. ಯಾವ ಪುಟ ಯಾವ ಪತ್ರಗಳನ್ನು ಎಣಿಸುತ್ತಿದೆ ಎಂದು ಗೊತ್ತಾದರೆ ನಿಮ್ಮ ವಿರೋಧಾಭಾಸಗಳಲ್ಲಿ ಹೆಚ್ಚಿನವು ಕರಗುತ್ತವೆ. ಒಂದು ಮಾತ್ರ ಉಳಿಯುತ್ತದೆ, ಅದೇ ನಿಮ್ಮ ನಿಜವಾದ ಸಮಸ್ಯೆ.

ಗೂಗಲ್‌ನಿಂದ ಆರಂಭಿಸೋಣ, ಏಕೆಂದರೆ ನಿಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಜಿಮೇಲ್‌ನಲ್ಲೇ ಇರುತ್ತಾರೆ. ಪೋಸ್ಟ್‌ಮಾಸ್ಟರ್ ತೋರಿಸುವ ಸ್ಪ್ಯಾಮ್ ಪ್ರಮಾಣವನ್ನು ಹೆಚ್ಚಿನವರು ‘ಸ್ಪ್ಯಾಮ್‌ಗೆ ಬಿದ್ದ ಪತ್ರಗಳ ಪ್ರಮಾಣ’ ಎಂದು ಓದಿಕೊಳ್ಳುತ್ತಾರೆ. ಅದು ಹಾಗಲ್ಲ. ಸಕ್ರಿಯ ಬಳಕೆದಾರರ ಇನ್‌ಬಾಕ್ಸ್‌ಗೆ ಹೋದ ಪತ್ರಗಳಲ್ಲಿ ಎಷ್ಟಕ್ಕೆ ಓದುಗರೇ ಸ್ಪ್ಯಾಮ್ ಗುಂಡಿ ಒತ್ತಿದರು ಎಂಬುದು ಆ ಸಂಖ್ಯೆ. ಗೂಗಲ್ ತಾನಾಗಿಯೇ ಸ್ಪ್ಯಾಮ್ ಫೋಲ್ಡರ್‌ಗೆ ತಳ್ಳಿದ ಪತ್ರಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಪತ್ರ ನಿಮ್ಮ ಡೊಮೈನಿನದೇ (ಇಮೇಲ್ ವಿಳಾಸದಲ್ಲಿ @ ನಂತರದ ಹೆಸರು) ಎಂದು ದೃಢಪಡಿಸುವ ಡಿಕಿಮ್ ಎಂಬ ಡಿಜಿಟಲ್ ಸಹಿ ಸರಿಯಾಗಿ ತಾಳೆಯಾಗದ ಪತ್ರಗಳೂ ಬರುವುದಿಲ್ಲ.

ಇದರ ಪರಿಣಾಮವನ್ನು ಒಂದು ಊಹೆಯ ಲೆಕ್ಕದಲ್ಲಿ ನೋಡಿ. ಒಂದು ಭಾನುವಾರ ಜಿಮೇಲ್‌ನ 12,000 ವಿಳಾಸಗಳಿಗೆ ಪತ್ರ ಹೋಯಿತು, ಎಲ್ಲವೂ ಇನ್‌ಬಾಕ್ಸ್ ಸೇರಿದವು, 36 ಮಂದಿ ಸ್ಪ್ಯಾಮ್ ಒತ್ತಿದರು ಎಂದುಕೊಳ್ಳಿ. ಪ್ರಮಾಣ ಶೇ 0.3. ಇದು ಗೂಗಲ್ ತಲುಪಲೇಬಾರದು ಎಂದು ಹಾಕಿರುವ ಗಡಿ, ಶೇ 0.1ರ ಒಳಗಿರಿ ಎಂಬುದು ಅದರ ಸಲಹೆ. ಈಗ ಗೂಗಲ್ ನಿಮ್ಮ ಮೇಲೆ ನಂಬಿಕೆ ಕಳೆದುಕೊಂಡು ಮುಂದಿನ ಭಾನುವಾರ 9,000 ಪತ್ರಗಳನ್ನು ನೇರವಾಗಿ ಸ್ಪ್ಯಾಮ್‌ಗೆ ಹಾಕಿತು. ಇನ್‌ಬಾಕ್ಸ್ ಸೇರಿದ್ದು 3,000. ಅವು ನಿಮ್ಮ ಪತ್ರವನ್ನು ವಾರವಾರವೂ ತೆರೆದು ಓದುವ ಹುಡುಗರ ಇನ್‌ಬಾಕ್ಸ್‌ಗಳು. ಅವರಲ್ಲಿ ದೂರು ಕೊಟ್ಟವರು 3 ಮಂದಿ. ಪ್ರಮಾಣ ಶೇ 0.1. ಪುಟದಲ್ಲಿ ಸುಧಾರಣೆ ಕಾಣುತ್ತದೆ, ಪತ್ರ ಮಾತ್ರ ನಾಲ್ಕರಲ್ಲಿ ಮೂರು ಮಂದಿಗೆ ಕಾಣುವುದೇ ಇಲ್ಲ. ವಿದ್ಯಾರ್ಥಿಗಳ ದೂರು ಹೆಚ್ಚುತ್ತಿರುವಾಗ ಪೋಸ್ಟ್‌ಮಾಸ್ಟರ್ ಸಂಖ್ಯೆ ಇಳಿಯುತ್ತಿದ್ದರೆ ಅದನ್ನು ಶುಭಸೂಚನೆ ಎಂದು ಓದಬೇಡಿ. ನೀವು ವಿವರಿಸಿರುವ ಸ್ಥಿತಿ ನನಗೆ ಇದೇ ಎನಿಸುತ್ತದೆ.

ಸೋಮವಾರದ ಶೇ 2 ನಿಮ್ಮನ್ನು ಹೆದರಿಸಿರಬಹುದು, ಆದರೆ ಇಡೀ ಪ್ರಶ್ನೆಯಲ್ಲಿ ಅತಿ ಕಡಿಮೆ ತೂಕದ ಸಂಗತಿ ಅದು. ಈ ಪ್ರಮಾಣವನ್ನು ದಿನದ ಲೆಕ್ಕದಲ್ಲಿ ಹಾಕಲಾಗುತ್ತದೆ. ಭಾನುವಾರದ ಪತ್ರವನ್ನು ಸೋಮವಾರ ತೆರೆದು ಸ್ಪ್ಯಾಮ್ ಒತ್ತಿದವರ ದೂರು ಸೋಮವಾರಕ್ಕೆ ಸೇರುತ್ತದೆ. ಸೋಮವಾರ ನೀವು ಕಳುಹಿಸುವುದು 200 ರಸೀದಿ ಮಾತ್ರ ಎಂದಾದರೆ, ನಾಲ್ಕು ಮಂದಿ ಒತ್ತಿದರೂ ಶೇ 2 ಆಗುತ್ತದೆ. ರಸೀದಿಗಳ ಮೇಲೆ ಯಾರೂ ಮುನಿಸಿಕೊಂಡಿಲ್ಲ. ಭಾನುವಾರ ಮತ್ತು ಸೋಮವಾರವನ್ನು ಕೂಡಿಸಿ ನೋಡಿ. ಇಂತಹ ಏರಿಕೆ ಬಹುತೇಕ ಮಾಯವಾಗುತ್ತದೆ.

ಹಳೆಯ ಲೇಖನಗಳನ್ನು ಓದಿ ಪೋಸ್ಟ್‌ಮಾಸ್ಟರ್‌ನಲ್ಲಿ ಹೈ, ಮೀಡಿಯಂ, ಲೋ, ಬ್ಯಾಡ್ ಎಂಬ ದರ್ಜೆ ಹುಡುಕುವವರಿಗೂ ಒಂದು ಮಾತು. ಡೊಮೈನ್ ಮತ್ತು ಐಪಿ ವಿಳಾಸಕ್ಕೆ (ಪತ್ರ ಹೊರಡುವ ಯಂತ್ರದ ಅಂತರ್ಜಾಲ ಸಂಖ್ಯೆ) ದರ್ಜೆ ಕೊಡುತ್ತಿದ್ದ ಆ ಪುಟಗಳನ್ನು ಗೂಗಲ್ 2025ರಲ್ಲಿ ಹಳೆಯ ಆವೃತ್ತಿಯ ಜೊತೆಗೇ ನಿಲ್ಲಿಸಿತು. ಈಗ ಇರುವುದು ನಿಯಮಪಾಲನೆಯ ಪುಟ. ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ಸರ್ವರ್‌ಗಳ ಪಟ್ಟಿ), ಡಿಕಿಮ್, ಡಿಮಾರ್ಕ್ (ಇವೆರಡೂ ತಪ್ಪಿದ ಪತ್ರವನ್ನು ಏನು ಮಾಡಬೇಕೆಂಬ ನೀತಿ), ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಸೌಲಭ್ಯ ಇತ್ಯಾದಿ ಇವೆಯೇ ಎಂದು ಅದು ಹೇಳುತ್ತದೆ. ಅಲ್ಲಿ ಎಲ್ಲವೂ ಸರಿಯಿದೆ ಎಂದು ಬಂದರೆ ನೀವು ಬಾಗಿಲ ತನಕ ಬರಲು ಅರ್ಹರು ಎಂದಷ್ಟೇ ಅರ್ಥ. ಒಳಗೆ ಎಲ್ಲಿ ಕೂರಿಸುತ್ತಾರೆ ಎಂಬುದು ಬೇರೆ ತೀರ್ಮಾನ.

ಎಸ್‌ಎನ್‌ಡಿಎಸ್ ವಿಷಯ ಇನ್ನೂ ಸರಳ. ಅದು ಡೊಮೈನನ್ನು ನೋಡುವುದೇ ಇಲ್ಲ, ಐಪಿ ವಿಳಾಸವನ್ನು ಮಾತ್ರ ನೋಡುತ್ತದೆ. ಅದೂ ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್, ಲೈವ್ ಮುಂತಾದ ಖಾಸಗಿ ಖಾತೆಗಳಿಗೆ ಬಂದ ಪತ್ರಗಳಿಗೆ ಸೀಮಿತ. ನೀವು ಅಲ್ಲಿ ನೋಂದಾಯಿಸಿರುವುದು ನಿಮ್ಮ ಸರ್ವರ್‌ನ ಐಪಿ, ಅಂದರೆ ರಸೀದಿ ಮತ್ತು ಅಂಕಗಳ ದಾರಿ. ಭಾನುವಾರದ ಪತ್ರ ಇಮೇಲ್ ಸೇವೆಯ ಐಪಿಗಳಿಂದ ಹೊರಡುತ್ತದೆ. ಅದರ ಸುಳಿವೂ ಈ ಪುಟಕ್ಕೆ ಇಲ್ಲ. ಒಂದು ದಿನದಲ್ಲಿ 100ಕ್ಕಿಂತ ಕಡಿಮೆ ಪತ್ರ ಹೋದ ಐಪಿಯ ಮಾಹಿತಿಯನ್ನು ಎಸ್‌ಎನ್‌ಡಿಎಸ್ ತೋರಿಸುವುದಿಲ್ಲ. ನಿಮಗೆ ಕೆಲವು ದಿನ ಖಾಲಿ ಕಾಣುವುದಕ್ಕೆ ಕಾರಣ ಇಷ್ಟೇ: ಎಲ್ಲರಿಗೂ ಅಂಕ ಕಳುಹಿಸಿದ ದಿನ ಸಂಖ್ಯೆ ದಾಟುತ್ತದೆ, ಬರೀ ರಸೀದಿಯ ದಿನ ದಾಟುವುದಿಲ್ಲ. ಖಾಲಿ ಎಂದರೆ ಸೊನ್ನೆ ಅಲ್ಲ, ಮಾಹಿತಿ ಇಲ್ಲ. ಈ ಎರಡನ್ನು ಬೆರೆಸಿ ಎಕ್ಸೆಲ್‌ನಲ್ಲಿ ಸರಾಸರಿ ತೆಗೆದರೆ ಬರುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಅಲ್ಲಿನ ಬಣ್ಣಗಳ ಬಗ್ಗೆಯೂ ಎಚ್ಚರ ಇರಲಿ. ಶೋಧಕ ಸ್ಪ್ಯಾಮ್ ಎಂದು ತೀರ್ಮಾನಿಸಿದ ಪತ್ರಗಳು ಶೇ 10ಕ್ಕಿಂತ ಕಡಿಮೆ ಇದ್ದರೆ ಹಸಿರು, ಶೇ 90 ದಾಟಿದರೆ ಕೆಂಪು. ನಡುವಿನದೆಲ್ಲ ಹಳದಿ. ಶೇ 12 ಹಾಳಾದವರಿಗೂ ಶೇ 85 ಹಾಳಾದವರಿಗೂ ಒಂದೇ ಹಳದಿ! ಹಸಿರಿಗೆ ಮಾತ್ರ ಸ್ವಲ್ಪ ಬೆಲೆ ಕೊಡಬಹುದು. ನಿಮ್ಮ ವಿಷಯದಲ್ಲಿ ಅದು ಒಂದು ಒಳ್ಳೆಯ ಸುದ್ದಿಯನ್ನೂ ಹೇಳುತ್ತಿದೆ: ಸ್ವಂತ ಸರ್ವರ್‌ನ ಐಪಿಗೆ ಮೈಕ್ರೋಸಾಫ್ಟ್ ಬಳಿ ಹೆಸರು ಕೆಟ್ಟಿಲ್ಲ.

ಇನ್ನು ಕೆಂಪು ಬಂದ ಬ್ಲ್ಯಾಕ್‌ಲಿಸ್ಟ್ ಪುಟ. ಪ್ರಶ್ನೆಯ ಜೊತೆ ನೀವು ಕಳುಹಿಸಿದ ಪರದೆಯ ಚಿತ್ರವನ್ನು ಗಮನವಿಟ್ಟು ನೋಡಿದೆ. ಅಲ್ಲಿ ತಪಾಸಣೆಗೆ ಹಾಕಿರುವ ಐಪಿ ವಿಳಾಸ ನಿಮ್ಮ ಸರ್ವರ್‌ನದೂ ಅಲ್ಲ, ಇಮೇಲ್ ಸೇವೆಯದೂ ಅಲ್ಲ. ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಗ್ರಾಹಕರಿಗೆ ಹಂಚುವ ಶ್ರೇಣಿಯದು. ಕಚೇರಿಯ ಕಂಪ್ಯೂಟರ್‌ನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿ ಬಂದ ಸಂಖ್ಯೆಯನ್ನೇ ಯಾರೋ ಅಲ್ಲಿ ಹಾಕಿದ್ದಾರೆ. ಇಂಥ ಬ್ಲ್ಯಾಕ್‌ಲಿಸ್ಟ್‌ಗಳನ್ನು ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆಯಿಂದ ಬಂದಿರುವ ಉತ್ತರ 127.0.0.11. ಅದು ಪಿಬಿಎಲ್ ಎಂಬ ಪಟ್ಟಿಯ ಗುರುತು. ಮನೆ, ಅಂಗಡಿ, ಕಚೇರಿಗಳ ಬ್ರಾಡ್‌ಬ್ಯಾಂಡ್ ಐಪಿಗಳಿಂದ ನೇರವಾಗಿ ಬೇರೆಯವರ ಮೇಲ್ ಸರ್ವರ್‌ಗೆ ಪತ್ರ ಬರಬಾರದು ಎಂಬ ನೀತಿಯ ಪಟ್ಟಿ ಅದು. ಅಂಥ ಐಪಿ ಆ ಪಟ್ಟಿಯಲ್ಲಿರುವುದು ಸಹಜ, ಇರಬೇಕಾದದ್ದೇ. ನಿಮ್ಮ ಕೇಂದ್ರದ ಮೇಲೆ ಅದರಿಂದ ಯಾವ ಕಳಂಕವೂ ಇಲ್ಲ. ತೆಗೆಸಲು ಅರ್ಜಿ ಹಾಕುವ ಅಗತ್ಯವಿಲ್ಲ, ತೆಗೆಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಅಗತ್ಯವಂತೂ ಖಂಡಿತ ಇಲ್ಲ.

ಸರಿಯಾದ ಐಪಿ ಹಾಕಿ ಮತ್ತೆ ನೋಡುವಾಗ ಇನ್ನೊಂದು ಬಲೆ ಇದೆ. ಗೂಗಲ್‌ನ 8.8.8.8ರಂತಹ ಸಾರ್ವಜನಿಕ ಡಿಎನ್‌ಎಸ್ (ಅಂತರ್ಜಾಲದ ಹೆಸರುಗಳನ್ನು ಹುಡುಕಿಕೊಡುವ ಸೇವೆ) ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂದು ಉತ್ತರಿಸುತ್ತದೆ. ‘ಈ ದಾರಿಯಿಂದ ಬಂದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ’ ಎಂಬುದು ಅದರ ಅರ್ಥ. ಯಾವುದೇ ಉತ್ತರ ಬಂದರೂ ‘ಪಟ್ಟಿಯಲ್ಲಿದ್ದಾರೆ’ ಎಂದು ಕೆಂಪು ಹಚ್ಚುವಂತೆ ಬರೆದ ತಪಾಸಣಾ ತಂತ್ರಾಂಶಗಳು ಇದನ್ನೂ ಅಪರಾಧವಾಗಿಯೇ ತೋರಿಸುತ್ತವೆ. ಆದ್ದರಿಂದ ಬಣ್ಣವನ್ನು ಬಿಡಿ, ಬಂದ ಸಂಖ್ಯೆಯನ್ನು ಓದಿ. 127.0.0.2 ಅಥವಾ 127.0.0.3 ಬಂದರೆ ಗಂಭೀರ. ಆಗ ಸ್ಪ್ಯಾಮ್‌ಹೌಸ್‌ನ ಸ್ವಂತ ಜಾಲತಾಣದಲ್ಲೇ ಕಾರಣ ನೋಡಬೇಕು. 127.0.0.4 ಬಂದರೆ ಆ ಯಂತ್ರದಲ್ಲಿ ಮಾಲ್‌ವೇರ್ ಸೇರಿದೆಯೇ ಎಂದು ಹುಡುಕಬೇಕು.

ಡಿಮಾರ್ಕ್ ವರದಿಯ ಸಂಖ್ಯೆ ತಾಳೆಯಾಗದಿರುವುದಕ್ಕೆ ಮೂರು ಸಾಮಾನ್ಯ ಕಾರಣಗಳಿವೆ. ಎಲ್ಲ ಮೇಲ್ ಸಂಸ್ಥೆಗಳೂ ವರದಿ ಕಳುಹಿಸುವುದಿಲ್ಲ. ವಿದ್ಯಾರ್ಥಿಗಳು ಕಾಲೇಜಿನ ಖಾತೆಯಿಂದ ತಮ್ಮ ಜಿಮೇಲ್‌ಗೆ ಪತ್ರ ತಾನಾಗಿ ಮುಂದಕ್ಕೆ ಹೋಗುವಂತೆ ಮಾಡಿಕೊಂಡಿದ್ದರೆ ಒಂದೇ ಪತ್ರ ಇನ್ನೊಂದು ಐಪಿಯಿಂದ, ಎಸ್‌ಪಿಎಫ್ ತಪ್ಪಿದ ರೂಪದಲ್ಲಿ, ಮತ್ತೊಮ್ಮೆ ಎಣಿಕೆಯಾಗುತ್ತದೆ. ಮೂರನೆಯದು ಗಡಿಯಾರ. ಗೂಗಲ್‌ನ ವರದಿಯಲ್ಲಿ ದಿನ ಎಂದರೆ ಯುಟಿಸಿ ದಿನ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನೀವು ಭಾನುವಾರ ಬೆಳಿಗ್ಗೆ 5ಕ್ಕೆ ಕಳುಹಿಸಲು ಆರಂಭಿಸಿದರೆ ಅಲ್ಲಿ ಅದು ಶನಿವಾರ ರಾತ್ರಿ 11.30. ಮೊದಲ ಅರ್ಧ ಗಂಟೆಯ ಪತ್ರಗಳು ಶನಿವಾರದ ವರದಿಗೆ, ಉಳಿದವು ಭಾನುವಾರದ ವರದಿಗೆ ಸೇರುತ್ತವೆ. ಎರಡು ದಿನ ಕೂಡಿಸಿದರೆ ಬಹುಪಾಲು ಸರಿಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ತಪ್ಪು ಓದು ಒಂದಿದೆ. ಆ ವರದಿಯ ‘ಡಿಸ್ಪೊಸಿಷನ್’ ಸಾಲಿನಲ್ಲಿ ‘ನನ್’ (none, ಏನೂ ಮಾಡಿಲ್ಲ) ಎಂದು ಕಂಡರೆ ಪತ್ರ ಇನ್‌ಬಾಕ್ಸ್ ಸೇರಿತು ಎಂದು ತಿಳಿಯುವವರು ಬಹಳ. ಡಿಮಾರ್ಕ್ ನೀತಿಯ ಹೆಸರಿನಲ್ಲಿ ಆ ಪತ್ರವನ್ನು ತಡೆದಿಲ್ಲ ಎಂದಷ್ಟೇ ಅದರ ಅರ್ಥ. ಆಮೇಲೆ ಸ್ಪ್ಯಾಮ್ ಶೋಧಕ ಅದನ್ನು ಎಲ್ಲಿಗೆ ಹಾಕಿತು ಎಂಬುದು ಡಿಮಾರ್ಕ್‌ಗೆ ಸಂಬಂಧಿಸಿದ್ದಲ್ಲ. ನಿಮ್ಮ ಹೆಸರಿನಲ್ಲಿ ಯಾರು ಯಾರು ಪತ್ರ ಕಳುಹಿಸುತ್ತಿದ್ದಾರೆ, ಸಹಿ ಸರಿಯಿದೆಯೇ ಎಂದು ತಿಳಿಯಲು ಈ ವರದಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದಕ್ಕೆ ಮಾತ್ರ ಬಳಸಿ.

ಶೇ 98 ತಲುಪಿದೆ ಎಂಬ ಸೇವೆಯವರ ಮಾತು ಸುಳ್ಳಲ್ಲ. ಎದುರಿನ ಸರ್ವರ್ 250 ಎಂಬ ಸಂಕೇತ ಕೊಟ್ಟು ಪತ್ರ ಸ್ವೀಕರಿಸಿದರೆ ಅವರ ಲೆಕ್ಕದಲ್ಲಿ ಅದು ತಲುಪಿದಂತೆ. ಸ್ಪ್ಯಾಮ್ ಫೋಲ್ಡರ್‌ಗೆ ಹೋಗುವ ಪತ್ರಕ್ಕೂ 250 ಸಿಗುತ್ತದೆ. ನನ್ನ ಆಸಕ್ತಿ ಉಳಿದ ಶೇ 2ರಲ್ಲಿದೆ. ಅವರಿಂದ ಆ ಪತ್ರಗಳ ಪೂರ್ಣ ಉತ್ತರಗಳನ್ನು, ಅಂದರೆ ಎದುರಿನ ಸರ್ವರ್ ಬರೆದ ಸಾಲುಗಳನ್ನು, ಕೇಳಿ ಪಡೆಯಿರಿ. 550-5.1.1 ಇದ್ದರೆ ಆ ಖಾತೆಯೇ ಇಲ್ಲ. 421-4.7.28 ಇದ್ದರೆ ಜಿಮೇಲ್ ನಿಮ್ಮ ವೇಗವನ್ನು ತಡೆಯುತ್ತಿದೆ, ಅದು ಹೆಸರು ಕೆಡುತ್ತಿರುವ ಮೊದಲ ಲಕ್ಷಣ. 550-5.7.26 ಇದ್ದರೆ ಸಹಿಯ ತೊಂದರೆ. ಈ ಸಾಲುಗಳನ್ನು ಪತ್ರ ಸ್ವೀಕರಿಸುವವರೇ ಬರೆದಿರುತ್ತಾರೆ, ಪ್ರತಿ ಪತ್ರಕ್ಕೂ ಬರೆದಿರುತ್ತಾರೆ. ಎಷ್ಟು ಚೆಂದದ ನಕ್ಷೆ ಬಿಡಿಸಿದ ಡ್ಯಾಶ್‌ಬೋರ್ಡ್ ಆದರೂ ನನ್ನ ಪಾಲಿಗೆ ಇದರ ನಂತರವೇ.

ನಿಮ್ಮ ವಿಷಯದಲ್ಲಿ 5.1.1 ಸಾಕಷ್ಟು ಸಿಗುತ್ತದೆ ಎಂದು ನನ್ನ ಅಂದಾಜು. ಕಾರಣ ನಮ್ಮ ಕಡೆಯ ವಾಸ್ತವ. ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯಿಂದ ಬರುವ ಎಷ್ಟೋ ಮಕ್ಕಳ ಇಮೇಲ್ ಖಾತೆ ಹುಟ್ಟುವುದು ಸೈಬರ್ ಸೆಂಟರ್‌ನಲ್ಲಿ, ಸಿಇಟಿ ಅರ್ಜಿಯೋ ವಿದ್ಯಾರ್ಥಿವೇತನದ ಅರ್ಜಿಯೋ ತುಂಬುವ ದಿನ. ಪಾಸ್‌ವರ್ಡ್ ಅರ್ಜಿಯ ಹಿಂಬದಿಯಲ್ಲಿ ಬರೆದಿರುತ್ತದೆ, ಆ ಹಾಳೆ ಕಳೆದುಹೋಗುತ್ತದೆ, ಆ ಖಾತೆಯನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಆರಂಭಿಸಿದೆ. ಅಳಿಸುವವರೆಗೆ ಅವು ನಿಮ್ಮ ಪತ್ರವನ್ನು ಸ್ವೀಕರಿಸುತ್ತಲೇ ಇರುತ್ತವೆ, ಶೇ 98ರಲ್ಲಿ ಸೇರುತ್ತವೆ, ಒಮ್ಮೆಯೂ ತೆರೆಯುವುದಿಲ್ಲ. ಸಾವಿರಾರು ಖಾತೆಗಳು ವರ್ಷಗಟ್ಟಲೆ ನಿಮ್ಮ ಪತ್ರವನ್ನು ಮುಟ್ಟದೆ ಬಿಟ್ಟರೆ ಗೂಗಲ್‌ನ ಶೋಧಕ ಅದರಿಂದ ಏನು ಕಲಿಯುತ್ತದೆ ಎಂದು ಹೇಳಬೇಕಿಲ್ಲ. ಅದರ ಬೆಲೆ ತೆರುವವರು ಪತ್ರಕ್ಕಾಗಿ ನಿಜಕ್ಕೂ ಕಾಯುತ್ತಿರುವ ಮಕ್ಕಳು. ಇದು ನನಗೆ ಬೇಸರ ತರಿಸುವ ಸಂಗತಿ. ನಿಮ್ಮ ಪುಟಗಳ ಜಗಳ ಬಗೆಹರಿದ ಮೇಲೂ ಉಳಿಯುವ ಸಮಸ್ಯೆ ಇದೇ.

ಈಗ ಮಾಡಬೇಕಾದದ್ದು. ಮೊದಲಿಗೆ, ನಿಮ್ಮ ತರಗತಿಯಲ್ಲೇ ಇರುವ ಪರೀಕ್ಷಾ ಸಾಧನವನ್ನು ಬಳಸಿ. ಮಾರುಕಟ್ಟೆಯಲ್ಲಿ ಸಿಗುವ ಇನ್‌ಬಾಕ್ಸ್ ಪರೀಕ್ಷೆಗಳು ಬಳಕೆಯ ಇತಿಹಾಸವೇ ಇಲ್ಲದ ಖಾಲಿ ಖಾತೆಗಳಿಗೆ ಪತ್ರ ಹಾಕಿ ನೋಡುತ್ತವೆ. ಜಿಮೇಲ್ ಒಬ್ಬೊಬ್ಬರ ವರ್ತನೆ ನೋಡಿ ತೀರ್ಮಾನಿಸುವುದರಿಂದ ಅಲ್ಲಿನ ಫಲಿತಾಂಶ ನಿಮ್ಮ ಹುಡುಗರಿಗೆ ಹೊಂದುವುದಿಲ್ಲ. ಸೋಮವಾರದ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಮೊಬೈಲ್ ತೆರೆಯಲು ಹೇಳಿ, ಭಾನುವಾರದ ಪತ್ರ ಇನ್‌ಬಾಕ್ಸ್, ಪ್ರೊಮೋಷನ್ಸ್, ಸ್ಪ್ಯಾಮ್ ಈ ಮೂರರಲ್ಲಿ ಎಲ್ಲಿದೆ ಎಂದು ಕೈ ಎತ್ತಿಸಿ ಎಣಿಸಿ. ಪ್ರೊಮೋಷನ್ಸ್ ಇನ್‌ಬಾಕ್ಸ್‌ನ ಭಾಗವೇ, ಅದಕ್ಕೆ ಚಿಂತಿಸಬೇಡಿ. ಸ್ಪ್ಯಾಮ್‌ನಲ್ಲಿ ಕಂಡವರಲ್ಲಿ ಒಬ್ಬರ ಖಾತೆಯನ್ನು ಅವರ ಎದುರಿಗೇ ಕಂಪ್ಯೂಟರ್‌ನಲ್ಲಿ ತೆರೆಸಿ, ಪತ್ರದ ಮೇಲ್ಭಾಗದಲ್ಲಿ ಜಿಮೇಲ್ ಬರೆದಿರುವ ಕಾರಣ ಓದಿ. ಬಳಿಕ ಮೂರು ಚುಕ್ಕಿ ಒತ್ತಿ ಪತ್ರದ ಮೂಲರೂಪ ತೋರಿಸುವ ಆಯ್ಕೆಗೆ ಹೋಗಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಇರಬೇಕು, ಡಿಕಿಮ್ ಸಾಲಿನಲ್ಲಿ ನಿಮ್ಮ ಡೊಮೈನಿನ ಹೆಸರೇ ಇರಬೇಕು. ಅಲ್ಲಿ ಇಮೇಲ್ ಸೇವೆಯ ಹೆಸರು ಮಾತ್ರ ಇದ್ದರೆ, ಪೋಸ್ಟ್‌ಮಾಸ್ಟರ್‌ನ ಸ್ಪ್ಯಾಮ್ ಪ್ರಮಾಣದಲ್ಲಿ ನೀವು ಇಷ್ಟು ದಿನ ನೋಡಿದ್ದು ರಸೀದಿಗಳ ಲೆಕ್ಕ. ಸೋಮವಾರದ ಏರಿಕೆ ನೋಡಿದರೆ ಹಾಗಿರಲಾರದು ಎನಿಸುತ್ತದೆ, ಆದರೂ ಖಚಿತಪಡಿಸಿಕೊಳ್ಳಿ.

ಎರಡನೆಯದಾಗಿ, ಸೇವೆಯ ವರದಿಯನ್ನು ಜಿಮೇಲ್, ಯಾಹೂ, ಔಟ್‌ಲುಕ್ ಎಂದು ಬಿಡಿಸಿ ನೋಡಿ. ‘ತೆರೆದವರ’ ಸಂಖ್ಯೆಯನ್ನು ಅಕ್ಷರಶಃ ನಂಬಬಾರದು. 2021ರಿಂದ ಆಪಲ್‌ನ ಮೇಲ್ ಆ್ಯಪ್ ಓದುಗ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಂಡು ತೆರೆದಂತೆ ತೋರಿಸುತ್ತಿದೆ. ಆದರೆ ಒಂದೇ ಪತ್ರಕ್ಕೆ ಯಾಹೂನಲ್ಲಿ ಎಂದಿನಂತೆ ಇದ್ದು ಜಿಮೇಲ್‌ನಲ್ಲಿ ಮಾತ್ರ ಅರ್ಧಕ್ಕೆ ಕುಸಿದಿದ್ದರೆ ಆ ವ್ಯತ್ಯಾಸ ಸುಳ್ಳು ಹೇಳುವುದಿಲ್ಲ. ಎಲ್ಲ ಕಡೆಯೂ ಕುಸಿದಿದ್ದರೆ ಪರೀಕ್ಷೆ ಮುಗಿದು ಮಕ್ಕಳ ಆಸಕ್ತಿ ಕಡಿಮೆಯಾಗಿದೆಯೇ ಎಂದು ಯೋಚಿಸಿ.

ಮೂರನೆಯದು ಕಷ್ಟದ್ದು: ಪಟ್ಟಿಯನ್ನು ಕತ್ತರಿಸಿ. ಕಳೆದ ಆರು ತಿಂಗಳಲ್ಲಿ ತರಗತಿಗೆ ಹಾಜರಾದವರು, ನಿಮ್ಮ ಪರೀಕ್ಷಾ ಜಾಲತಾಣಕ್ಕೆ ಲಾಗಿನ್ ಆದವರು, ಪತ್ರದ ಕೊಂಡಿ ಒತ್ತಿದವರು, ಇಷ್ಟು ಮಂದಿಗೆ ಮಾತ್ರ ಭಾನುವಾರದ ಪತ್ರ ಹೋಗಲಿ. 18,000 ಇದ್ದದ್ದು 5,000ಕ್ಕೆ ಇಳಿದರೂ ಹಿಂಜರಿಯಬೇಡಿ. ಅದರ ಜೊತೆಗೆ ಗೂಗಲ್‌ನ ನಿಯಮಗಳು ಇನ್ನು ನಿಮಗೆ ಅನ್ವಯಿಸುವುದಿಲ್ಲ ಎಂದು ಭಾವಿಸಬೇಡಿ. 2024ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ 24 ಗಂಟೆಗಳಲ್ಲಿ ಖಾಸಗಿ ಜಿಮೇಲ್ ಖಾತೆಗಳಿಗೆ 5,000ದಷ್ಟು ಪತ್ರ ಒಮ್ಮೆ ಕಳುಹಿಸಿದವರು ಶಾಶ್ವತವಾಗಿ ಸಾಮೂಹಿಕ ಕಳುಹಿಸುವವರ ಸಾಲಿಗೆ ಸೇರುತ್ತಾರೆ. ಉಪಡೊಮೈನ್‌ಗಳ (ಮೂಲ ಡೊಮೈನಿನ ಹೆಸರಿನ ಮೊದಲಿಗೆ ಇನ್ನೊಂದು ಪದ ಸೇರಿಸಿ ಮಾಡುವ ಹೆಸರುಗಳು) ಎಣಿಕೆಯೂ ಮೂಲ ಡೊಮೈನಿಗೇ ಸೇರುತ್ತದೆ. ನೀವು ಆ ಸಾಲಿನಲ್ಲಿದ್ದೀರಿ.

ಉಪಡೊಮೈನ್ ಬೇರೆ ಕಾರಣಕ್ಕೆ ಬೇಕು. ರಸೀದಿ ಮತ್ತು ಅಂಕಗಳಿಗೆ ಒಂದು, ಭಾನುವಾರದ ಪತ್ರಕ್ಕೆ ಇನ್ನೊಂದು ಮಾಡಿ, ಎರಡನ್ನೂ ಪೋಸ್ಟ್‌ಮಾಸ್ಟರ್‌ನಲ್ಲಿ ಪ್ರತ್ಯೇಕವಾಗಿ ಸೇರಿಸಿ. ಆಗ ಯಾವ ಸಂಖ್ಯೆ ಯಾವ ಪತ್ರದ್ದು ಎಂದು ಊಹಿಸಬೇಕಾಗಿಲ್ಲ. ಆದರೆ ಹೊಸ ಡೊಮೈನ್ ಕೊಂಡು ಹಳೆಯದನ್ನು ಬಿಟ್ಟುಬಿಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಅದೇ ಪಟ್ಟಿಗೆ ಅಪರಿಚಿತ ಹೆಸರಿನಿಂದ ಕಳುಹಿಸಿದಂತಾಗುತ್ತದೆ, ಪರಿಸ್ಥಿತಿ ಇನ್ನಷ್ಟು ಹದಗೆಡುತ್ತದೆ.

ಪ್ರವೇಶದ ಅರ್ಜಿಯಲ್ಲಿ ಇಮೇಲ್ ಬರೆಸಿಕೊಳ್ಳುವ ಪದ್ಧತಿಯೂ ಬದಲಾಗಬೇಕು. ಕೌಂಟರ್‌ನಲ್ಲಿ ವಿದ್ಯಾರ್ಥಿ ನಿಂತಿರುವಾಗಲೇ ಆ ವಿಳಾಸಕ್ಕೆ ಒಂದು ಸಂಖ್ಯೆ ಕಳುಹಿಸಿ, ಅವನು ತನ್ನ ಮೊಬೈಲ್‌ನಲ್ಲಿ ತೆರೆದು ಓದಿ ಹೇಳಿದ ಮೇಲೆ ದಾಖಲಿಸಿಕೊಳ್ಳಿ. ಖಾತೆ ತೆರೆಯಲು ಬಾರದಿದ್ದರೆ ಅಲ್ಲೇ ಪಾಸ್‌ವರ್ಡ್ ಸರಿಮಾಡಿಸಿ. ಸಿಇಟಿ ಸೀಟು ಹಂಚಿಕೆಯ ಕಾಲದಲ್ಲಿ ಆ ಖಾತೆ ಅವನಿಗೂ ಬೇಕಾಗುತ್ತದೆ.

ಪೋಸ್ಟ್‌ಮಾಸ್ಟರ್‌ನಲ್ಲಿ ಒಂದು ದಿನದ ಸಂಖ್ಯೆ ಬರಲು ಒಂದೆರಡು ದಿನ ಹಿಡಿಯುತ್ತದೆ, ಕೆಟ್ಟ ಹೆಸರು ಸರಿಹೋಗಲು ಅನೇಕ ವಾರಗಳು ಬೇಕು. ಪಟ್ಟಿ ಕತ್ತರಿಸಿದ ಮೇಲೆ ಸ್ಪ್ಯಾಮ್ ಪ್ರಮಾಣ ಮೊದಲು ಸ್ವಲ್ಪ ಏರಿದರೆ ಗಾಬರಿಯಾಗಬೇಡಿ. ಹೆಚ್ಚು ಪತ್ರಗಳು ಇನ್‌ಬಾಕ್ಸ್ ಸೇರತೊಡಗಿದಾಗ ಗುಂಡಿ ಒತ್ತುವ ಅವಕಾಶವೂ ಹೆಚ್ಚುತ್ತದೆ. ಆ ದಿನಗಳಲ್ಲಿ ತರಗತಿಯ ಕೈ ಎಣಿಕೆಯನ್ನು ಪ್ರತಿ ಸೋಮವಾರ ಬರೆದಿಡಿ, ಅದರ ಪಕ್ಕದಲ್ಲಿ ಪೋಸ್ಟ್‌ಮಾಸ್ಟರ್ ಸಂಖ್ಯೆಯನ್ನೂ ಬರೆಯಿರಿ. ಸ್ಪ್ಯಾಮ್‌ನಲ್ಲಿ ಸಿಕ್ಕಿತು ಎಂದು ಎತ್ತುವ ಕೈಗಳು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದು, ಪ್ರಮಾಣ ಶೇ 0.3ರ ಕೆಳಗೇ ಉಳಿದಿದ್ದರೆ ಅದೇ ದಾರಿಯಲ್ಲಿ ಮುಂದುವರಿಯಿರಿ. ಕೈಗಳು ಕಡಿಮೆಯಾಗದಿದ್ದರೆ ಸರ್ವರ್ ಉತ್ತರಗಳ ಸಾಲುಗಳನ್ನೂ ಒಬ್ಬ ವಿದ್ಯಾರ್ಥಿಗೆ ತಲುಪಿದ ಪತ್ರದ ಮೂಲರೂಪವನ್ನೂ ನನಗೆ ಕಳುಹಿಸಿ, ವಿದ್ಯಾರ್ಥಿಯ ಇಮೇಲ್ ವಿಳಾಸವನ್ನು ಅಳಿಸಿ.